ಬ್ಯಾಟರಿ ಕೆಲಸ ಬಿಟ್ಟು ಎಂಟು ವರ್ಷ, ರಕ್ತದಲ್ಲಿ ಸೀಸ ಇನ್ನೂ 11. ಈಗ ನಾನು ಗರ್ಭಿಣಿ

ನಸುಕು · ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಹತ್ತೊಂಬತ್ತರಿಂದ ಇಪ್ಪತ್ತಮೂರನೇ ವಯಸ್ಸಿನ ತನಕ ಒಂದು ಬ್ಯಾಟರಿ ಘಟಕದಲ್ಲಿ ದುಡಿದೆ. ಸೀಸದ ಪ್ಲೇಟುಗಳ ಅಂಚು ಉಜ್ಜಿ, ಒಂದರ ಪಕ್ಕ ಒಂದು ಜೋಡಿಸಿ ಕೊಡುವ ಕೆಲಸ. ಸಂಜೆ ಹೊತ್ತಿಗೆ ಮುಂಗೈ ಮೇಲೆ ಬೂದು ಹುಡಿ ಕೂತಿರುತ್ತಿತ್ತು. ಮುಖಕ್ಕೆ ಒಂದು ಬಟ್ಟೆ ಕಟ್ಟಿಕೊಳ್ಳುತ್ತಿದ್ದೆವು, ಅಷ್ಟೇ. ಕೈ ತೊಳೆಯಲು ಹೊರಗೆ ಒಂದೇ ನಲ್ಲಿ, ಊಟದ ಹೊತ್ತಿಗೆ ಅಲ್ಲಿ ಸಾಲು. ಎಷ್ಟೋ ಸಲ ಸೆರಗಿಗೆ ಕೈ ಒರೆಸಿಕೊಂಡೇ ಊಟಕ್ಕೆ ಕೂತಿದ್ದೇನೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ನಮ್ಮ ರಕ್ತ ತೆಗೆದು ನೋಡಲಿಲ್ಲ.

ಈಗ ನನಗೆ 31, ಮೂರು ತಿಂಗಳ ಗರ್ಭಿಣಿ. ಹಳೆಯ ಕೆಲಸ ನೆನಪಾಗಿ ನಾನೇ ಕೇಳಿ ಸೀಸದ ಪರೀಕ್ಷೆ ಮಾಡಿಸಿದೆ. ಒಂದು ಡೆಸಿಲೀಟರ್ ರಕ್ತದಲ್ಲಿ 11 ಮೈಕ್ರೋಗ್ರಾಂ ಎಂದು ಬಂತು. ವರದಿಯಲ್ಲಿ ‘25ರ ಒಳಗಿದ್ದರೆ ಸಾಮಾನ್ಯ’ ಎಂದು ಅಚ್ಚಾಗಿದೆ. ಡಾಕ್ಟರು ಹಾಳೆ ನೋಡಿ ಏನೂ ತೊಂದರೆಯಿಲ್ಲ ಎಂದರು. ಮನೆಗೆ ಬಂದು ಓದಿದರೆ, ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇವೆರಡರಲ್ಲಿ ಯಾವುದನ್ನು ನಂಬಲಿ? ಎಂಟು ವರ್ಷದಿಂದ ಮುಟ್ಟದ ಲೋಹ ರಕ್ತದಲ್ಲಿ ಇನ್ನೂ ಯಾಕಿದೆ? ಮಗುವಿಗೆ ಹೋಗುತ್ತದೆಯೇ? ನಿದ್ದೆ ಬರುತ್ತಿಲ್ಲ, ಅದಕ್ಕೇ ಈ ಹೊತ್ತಲ್ಲಿ ಬರೆಯುತ್ತಿದ್ದೇನೆ.

ಇಬ್ಬರ ಅಪ್ಪ · ಸೋಮವಾರ, ರಾತ್ರಿ 11:15

ತಂಗಿ, ಮೊದಲು ಒಂದು ಮಾತು. ಯಾರೂ ಹೇಳದಿದ್ದರೂ ನೀವೇ ನೆನಪಿಟ್ಟು ಪರೀಕ್ಷೆ ಮಾಡಿಸಿದ್ದೀರಿ, ಅದು ದೊಡ್ಡದು. ನನ್ನ ಮಗನ ಕಥೆಯನ್ನು ನಾಳೆ ಬರೆಯುತ್ತೇನೆ. ಇಲ್ಲಿ ‘ನಾಡಿ’ ಎನ್ನುವವರೊಬ್ಬರಿದ್ದಾರೆ, ಕಾರ್ಮಿಕರ ಆರೋಗ್ಯ ನೋಡುವ ವೈದ್ಯೆ. ಅವರು ಬರುವವರೆಗೆ ಯಾವ ಔಷಧಿಯನ್ನೂ ನೀವಾಗಿಯೇ ತೆಗೆದುಕೊಳ್ಳಬೇಡಿ.

ನಾಡಿ · ಮಂಗಳವಾರ, ಬೆಳಗ್ಗೆ 6:20

ನಸುಕು ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ರಕ್ತದಲ್ಲಿರುವ ಸೀಸ ಬೇಗ ಕಡಿಮೆಯಾಗುತ್ತದೆ. ಸುಮಾರು ಒಂದು ತಿಂಗಳಿಗೆ ಅರ್ಧ ಇಳಿಯುತ್ತದೆ. ಹಾಗಾದರೆ ಎಂಟು ವರ್ಷದಲ್ಲಿ ಪೂರ್ತಿ ಹೋಗಬೇಕಿತ್ತು. ಹೋಗಿಲ್ಲ, ಯಾಕೆಂದರೆ ದೇಹಕ್ಕೆ ಸೀಸ ಮತ್ತು ಕ್ಯಾಲ್ಸಿಯಂ ನಡುವಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಕ್ಯಾಲ್ಸಿಯಂ ಎಂದುಕೊಂಡು ಸೀಸವನ್ನು ಒಯ್ದು ಮೂಳೆಯಲ್ಲಿ ಕೂಡಿಡುತ್ತದೆ. ದೊಡ್ಡವರ ಮೈಯಲ್ಲಿರುವ ಸೀಸದಲ್ಲಿ ಶೇ 90ಕ್ಕಿಂತ ಹೆಚ್ಚು ಮೂಳೆಯಲ್ಲೇ ಇರುತ್ತದೆ, ಅಲ್ಲಿಂದ ಅರ್ಧ ಹೊರಬರಲು ಹತ್ತರಿಂದ ಮೂವತ್ತು ವರ್ಷ ಹಿಡಿಯುತ್ತದೆ. ನಿಮ್ಮ ವರದಿಯ 11 ಇವತ್ತು ಹೊರಗಿನಿಂದ ಬಂದದ್ದಲ್ಲದೇ ಇರಬಹುದು. ನಿಮ್ಮ ಇಪ್ಪತ್ತನೇ ವಯಸ್ಸಿನ ಹುಡಿಯೇ ಮೂಳೆಯಿಂದ ದಿನವೂ ಇಷ್ಟಿಷ್ಟು ರಕ್ತಕ್ಕೆ ಜಿನುಗುತ್ತಿದೆ.

ಗರ್ಭ ನಿಂತಾಗ ಈ ಜಿನುಗು ಹೆಚ್ಚುತ್ತದೆ. ಮಗುವಿನ ಮೂಳೆ ಕಟ್ಟಲು ಕ್ಯಾಲ್ಸಿಯಂ ಬೇಕು, ಊಟದಿಂದ ಸಾಲದೆ ಹೋದರೆ ತಾಯಿಯ ಮೂಳೆಯಿಂದ ತೆಗೆಯುತ್ತದೆ. ಜತೆಗೆ ಸೀಸವೂ ಬರುತ್ತದೆ. ಮಾಸು (ಮಗುವಿಗೆ ತಾಯಿಯಿಂದ ಪೋಷಣೆ ಒಯ್ಯುವ ಪ್ಲಾಸೆಂಟಾ) ಅದನ್ನು ತಡೆಯುವುದಿಲ್ಲ. ಸುಳ್ಳು ಸಮಾಧಾನ ಹೇಳಲಾರೆ: ಹೌದು, ಮಗುವಿಗೆ ಸ್ವಲ್ಪ ಹೋಗುತ್ತದೆ.

ಆದರೆ ಮಾಡಬಹುದಾದದ್ದು ಬಹಳ ಇದೆ, ನೀವು ಸರಿಯಾದ ಹೊತ್ತಿಗೆ ಬಂದಿದ್ದೀರಿ. ಮೆಕ್ಸಿಕೊದಲ್ಲಿ ಗರ್ಭಿಣಿಯರಿಗೆ ಮೊದಲ ಮೂರು ತಿಂಗಳಿಂದಲೇ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಕೊಡದವರಿಗೆ ಹೋಲಿಸಿದರೆ ಅವರ ರಕ್ತದ ಸೀಸ ಸರಾಸರಿ ಶೇ 11ರಷ್ಟು ಕಡಿಮೆ ಇತ್ತು. ದೇಹಕ್ಕೆ ಹೊರಗಿನಿಂದ ಕ್ಯಾಲ್ಸಿಯಂ ಸಿಕ್ಕಿದರೆ ಮೂಳೆಯನ್ನು ಅಷ್ಟು ಕರಗಿಸುವುದಿಲ್ಲ. ಕಬ್ಬಿಣದ ಅಂಶವನ್ನೂ ನೋಡಿಸಿ, ಕಬ್ಬಿಣ ಕಡಿಮೆಯಿದ್ದರೆ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. ರಕ್ತದೊತ್ತಡವನ್ನು ತಪ್ಪದೆ ನೋಡಿಸುತ್ತಿರಿ, ಸೀಸ ಅದನ್ನು ಏರಿಸುತ್ತದೆ. ಮುಂದಿನ ಪರೀಕ್ಷೆಗೆ ರಕ್ತನಾಳದಿಂದಲೇ ರಕ್ತ ತೆಗೆಸಿ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳು ಸೇರಿ ಲೆಕ್ಕ ತಪ್ಪುವುದುಂಟು.

ಇವೆಲ್ಲವನ್ನೂ ನಿಮ್ಮನ್ನು ನೋಡುವ ವೈದ್ಯರ ಮುಂದೆ ಇಟ್ಟು, ಅವರ ಪ್ರಮಾಣದಂತೆ ಮಾಡಿ. ಗರ್ಭಿಣಿಯಲ್ಲಿ 5 ದಾಟಿದರೆ ಮೂಲ ಹುಡುಕಿ ಕ್ರಮ ಕೈಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದನ್ನು ಅವರಿಗೆ ತೋರಿಸಲು ಹಿಂಜರಿಯಬೇಡಿ.

ಆವರ್ತಕ ಕೋಷ್ಟಕ · ಮಂಗಳವಾರ, ಬೆಳಗ್ಗೆ 8:05

ನಾನು ರಸಾಯನಶಾಸ್ತ್ರದ ಮೇಷ್ಟ್ರು. ಆ 25ರ ಬಗ್ಗೆ ಒಂದೆರಡು ಮಾತು.

ಮಕ್ಕಳ ರಕ್ತದಲ್ಲಿ ಎಷ್ಟು ಸೀಸ ಕಂಡರೆ ಎಚ್ಚರಗೊಳ್ಳಬೇಕು ಎಂದು ಅಮೆರಿಕದಲ್ಲಿ ಒಂದು ಗೆರೆ ಹಾಕಿಕೊಂಡಿದ್ದರು. 1960ರ ದಶಕದಲ್ಲಿ ಅದು 60. 1975ರಲ್ಲಿ 30, 1985ರಲ್ಲಿ 25, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಮಕ್ಕಳ ದೇಹ ಬದಲಾಗಲಿಲ್ಲ. ಪ್ರತಿ ಸಲವೂ ಹಿಂದಿನ ಗೆರೆಯ ಕೆಳಗೇ ಹಾನಿ ಕಂಡಿತು, ಗೆರೆ ಇಳಿಯಿತು. ನಿಮ್ಮ ವರದಿಯಲ್ಲಿರುವುದು 1985ರ ಸಂಖ್ಯೆ. ಎಷ್ಟೋ ಕಡೆ ಹಳೆಯ ನಮೂನೆಯ ಹಾಳೆಯೇ ಮತ್ತೆ ಮತ್ತೆ ಅಚ್ಚಾಗುತ್ತಿರುತ್ತದೆ, ಅದನ್ನು ತಿದ್ದಬೇಕೆಂದು ಯಾರಿಗೂ ತೋಚಿರುವುದಿಲ್ಲ.

ಮೂಳೆಯಿಂದ ಸೀಸ ಬರುತ್ತದೆ ಎಂಬುದನ್ನು ಸಾಬೀತು ಮಾಡಿದ ಬಗೆ ನನಗೆ ಬಹಳ ಇಷ್ಟ, ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಎಲ್ಲ ಗಣಿಯ ಸೀಸವೂ ಒಂದೇ ಅಲ್ಲ. ಅದರಲ್ಲಿರುವ ಐಸೊಟೋಪುಗಳ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ, ಪ್ರಮಾಣ ಅದಿರಿನಿಂದ ಅದಿರಿಗೆ ಬೇರೆ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಅದಿರು ಬಹಳ ಪುರಾತನ, ಅದರ ಗುರುತು ಯುರೋಪಿನ ಸೀಸದ ಗುರುತಿನಂತಿಲ್ಲ. ಬ್ರಯನ್ ಗಲ್ಸನ್ ಎಂಬ ವಿಜ್ಞಾನಿ 1990ರ ದಶಕದಲ್ಲಿ, ಪೂರ್ವ ಯುರೋಪಿನಿಂದ ಆಸ್ಟ್ರೇಲಿಯಾಕ್ಕೆ ಬಂದು ನೆಲೆಸಿದ್ದ ಹೆಂಗಸರ ರಕ್ತವನ್ನು ಗರ್ಭದ ಮುಂಚೆ, ಗರ್ಭಿಣಿಯಾಗಿದ್ದಾಗ, ಹೆರಿಗೆಯ ನಂತರ ಎಂದು ಮತ್ತೆ ಮತ್ತೆ ಅಳೆದರು. ಅವರು ಉಸಿರಾಡುವ ಗಾಳಿ, ಕುಡಿಯುವ ನೀರು ಆಸ್ಟ್ರೇಲಿಯಾದ್ದು. ಆದರೂ ಗರ್ಭ ಬೆಳೆದಂತೆ ಅವರ ರಕ್ತದಲ್ಲಿ ಹುಟ್ಟಿದ ನಾಡಿನ ಸೀಸ ಏರಿತು. ಬಿಟ್ಟುಬಂದ ಊರು ಮೂಳೆಯೊಳಗೆ ಉಳಿದಿತ್ತು.

ತಕ್ಕಡಿ · ಮಂಗಳವಾರ, ಮಧ್ಯಾಹ್ನ 1:30

ಎಲ್ಲರ ಮೇಲೂ ಗೌರವವಿಟ್ಟೇ ಹೇಳುತ್ತೇನೆ, ಒಬ್ಬ ಗರ್ಭಿಣಿಗೆ ನಾವೆಲ್ಲ ಸೇರಿ ಹೆದರಿಕೆ ಹುಟ್ಟಿಸುತ್ತಿಲ್ಲವೇ? ಎಲ್ಲವೂ ವಿಷವೇ, ವಿಷವಾಗುವುದು ಪ್ರಮಾಣದಿಂದ ಎಂದು ಹದಿನಾರನೇ ಶತಮಾನದಲ್ಲೇ ಪ್ಯಾರಾಸೆಲ್ಸಸ್ ಹೇಳಿದ. ಉಪ್ಪೂ ಹೆಚ್ಚಾದರೆ ಕೊಲ್ಲುತ್ತದೆ. ಈಗ ಉಪಕರಣಗಳು ಸೂಕ್ಷ್ಮವಾಗಿವೆ, ಮೊದಲು ಕಾಣದೇ ಇದ್ದದ್ದು ಕಾಣುತ್ತದೆ. ಕಂಡದ್ದೆಲ್ಲ ಅಪಾಯ ಅಂತಲ್ಲ. 11 ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಹನ್ನೊಂದು ಪಾಲು. ಅವರ ಡಾಕ್ಟರು ಹೇಳಿದ್ದು ಪೂರ್ತಿ ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ನಾಡಿ · ಮಂಗಳವಾರ, ರಾತ್ರಿ 9:10

ತಕ್ಕಡಿ ಅವರೇ, ಈ ಪ್ರಶ್ನೆ ಬರಲೇಬೇಕಿತ್ತು. ಪ್ರಮಾಣದ ಮಾತು ಬಹುತೇಕ ವಸ್ತುಗಳಿಗೆ ಸರಿ. ಉಪ್ಪು ದೇಹಕ್ಕೆ ಬೇಕು, ಕಬ್ಬಿಣ ಬೇಕು, ತಾಮ್ರವೂ ತುಸು ಬೇಕು. ಸೀಸದಿಂದ ದೇಹಕ್ಕೆ ಯಾವ ಕೆಲಸವೂ ಇಲ್ಲ.

ಅದಕ್ಕಿಂತ ಮುಖ್ಯವಾದದ್ದು ಏಟಿನ ಲೆಕ್ಕ. ಏಳು ಬೇರೆ ಬೇರೆ ಅಧ್ಯಯನಗಳ 1,333 ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದರು. ರಕ್ತದ ಸೀಸ 2.4ರಿಂದ 10ಕ್ಕೆ ಏರಿದಾಗ ಬುದ್ಧಿಮತ್ತೆಯ ಅಂಕ ಸರಾಸರಿ 3.9ರಷ್ಟು ಕುಸಿಯಿತು. 10ರಿಂದ 20ಕ್ಕೆ ಏರಿದಾಗ ಇನ್ನೂ 1.9. 20ರಿಂದ 30ಕ್ಕೆ ಹೋದಾಗ ಇನ್ನೂ 1.1. ಮೊದಲ ಹತ್ತು ಮೈಕ್ರೋಗ್ರಾಮಿನ ಒಳಗೇ ದೊಡ್ಡ ನಷ್ಟ ಆಗಿಹೋಗುತ್ತದೆ. ಮೇಲೆ ಹೋದಂತೆ ಪ್ರತಿ ಮೈಕ್ರೋಗ್ರಾಮಿನ ಏಟು ಕಡಿಮೆಯಾಗುತ್ತದೆಯೇ ಹೊರತು ಕೆಳಗೆ ಬಂದಂತೆ ಅಲ್ಲ. ‘ಸ್ವಲ್ಪ ತಾನೆ’ ಎಂಬ ಮಾತು ಸೀಸದ ವಿಷಯದಲ್ಲಿ ಸಲ್ಲದಿರುವುದು ಇದಕ್ಕೇ.

ತಕ್ಕಡಿ · ಮಂಗಳವಾರ, ರಾತ್ರಿ 10:02

ಆ ಅಂಕಿಗಳು ನನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಮೂರ್ನಾಲ್ಕು ಅಂಕದ ವ್ಯತ್ಯಾಸ ಒಂದು ಮಗುವನ್ನು ನೋಡಿ ಯಾರಿಗಾದರೂ ತಿಳಿಯುತ್ತದೆಯೇ? ಪರೀಕ್ಷೆಯ ದಿನ ಮಗುವಿಗೆ ನೆಗಡಿಯಾಗಿದ್ದರೂ ಅಷ್ಟು ವ್ಯತ್ಯಾಸ ಬರಬಹುದು.

ನಾಡಿ · ಮಂಗಳವಾರ, ರಾತ್ರಿ 10:25

ತಿಳಿಯುವುದಿಲ್ಲ. ನೀವು ಹೇಳಿದ್ದು ಸರಿ, ಮತ್ತು ನಸುಕು ಅವರಿಗೆ ಇದು ನೆಮ್ಮದಿಯ ಮಾತೂ ಹೌದು. ಈ ಸರಾಸರಿಗಳನ್ನು ಹಿಡಿದು ಅವರ ಮಗು ಹೀಗೇ ಇರುತ್ತದೆ ಎಂದು ಯಾರೂ ಹೇಳಲಾಗದು. ಮಡಿಲು, ಮಾತು, ಆಟ, ಓದು ಇವೆಲ್ಲ ಮಗುವಿನ ಮಿದುಳನ್ನು ಬೆಳೆಸುತ್ತವೆ.

ಆದರೆ ಒಂದು ದೇಶದ ಎಲ್ಲ ಮಕ್ಕಳೂ ಮೂರು ಅಂಕ ಕೆಳಗಿಳಿದರೆ ಏನಾಗುತ್ತದೆ ಎಂದು ಯೋಚಿಸಿ. ಅಂಚಿನಲ್ಲಿದ್ದವರು ಅಂಚಿನಿಂದ ಆಚೆ ಬೀಳುತ್ತಾರೆ, ವಿಶೇಷ ನೆರವು ಬೇಕಾಗುವ ಮಕ್ಕಳ ಸಂಖ್ಯೆ ಬೆಳೆಯುತ್ತದೆ, ಆದರೂ ಯಾವ ಒಂದು ಮನೆಯಲ್ಲೂ ‘ಇದು ಸೀಸದಿಂದ’ ಎಂದು ತೋರಿಸಲು ಬರುವುದಿಲ್ಲ. ಮಾಲಿನ್ಯದ ಕಾಯಿಲೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಪೆಟ್ಟು ತಿಂದವರಿಗೆ ತಾವು ಪೆಟ್ಟು ತಿಂದದ್ದೇ ಗೊತ್ತಿರುವುದಿಲ್ಲ. ದೂರು ಕೊಡಲು ಹೆಸರಿಲ್ಲ, ತಾರೀಖಿಲ್ಲ.

ಕುಲುಮೆ · ಬುಧವಾರ, ಬೆಳಗ್ಗೆ 5:50

ತಂಗೀ, ನಾನು ಇನ್ನೂ ಅದೇ ಕೆಲಸದಲ್ಲಿ ಇದೀನಿ. ಹದಿನಾರು ವರ್ಷ ಆಯ್ತು. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಕಡೆ. ನಿನ್ನ ನಲ್ಲಿ ಕಥೆ ಓದಿ ಹೊಟ್ಟೆ ಉರೀತು, ಎಲ್ಲಾ ಕಡೆ ಅದೇ ನಲ್ಲಿ.

ನಮ್ಮಲ್ಲಿ ಐದು ವರ್ಷದ ಹಿಂದೆ ಒಬ್ಬನ ಮಣಿಕಟ್ಟು ಜೋತು ಬಿತ್ತು. ಕೈ ಎತ್ತೋಕೆ ಆಗ್ತಿರಲಿಲ್ಲ. ಆಮೇಲೆ ಎಲ್ಲರೂ ಸೇರಿ ಕೂತು ಪಟ್ಟು ಹಿಡಿದ ಮೇಲೆ ಸ್ನಾನದ ಕೋಣೆ ಬಂತು, ಕೆಲಸದ ಬಟ್ಟೆ ಅಲ್ಲೇ ಒಗೆಯೋ ವ್ಯವಸ್ಥೆ ಬಂತು, ಆರು ತಿಂಗಳಿಗೆ ಒಂದು ಸಲ ರಕ್ತ ತೆಗೀತಾರೆ. ಅಲ್ಲೀವರೆಗೂ ನಾನು ಅದೇ ಬಟ್ಟೇಲಿ ಮನೆಗೆ ಹೋಗಿ ಮಗಳನ್ನ ಎತ್ಕೊಳ್ತಿದ್ದೆ. ಅವಳ ರಕ್ತ ನೋಡಿಸಿದಾಗ 14 ಬಂತು. ಅವಳು ಕಾರ್ಖಾನೆ ಬಾಗಿಲೂ ನೋಡಿಲ್ಲ.

ಇದನ್ನ ಯಾಕೆ ಹೇಳಿದೆ ಅಂದ್ರೆ, ನಿನ್ನ ಆಗಿನ ಬಟ್ಟೆ, ಚೀಲ, ಚಪ್ಪಲಿ ಏನಾದ್ರೂ ಇನ್ನೂ ಮನೇಲಿದ್ರೆ ತೆಗೆದು ಹೊರಗೆ ಹಾಕು. ಕೊಡವಬೇಡ. ಚೀಲಕ್ಕೆ ಹಾಕಿ ಬಾಯಿ ಕಟ್ಟು.

ನಸುಕು · ಬುಧವಾರ, ಬೆಳಗ್ಗೆ 9:30

ಅಣ್ಣಾ, ನಿಮ್ಮ ಮಾತು ಓದಿ ಅಟ್ಟ ಹುಡುಕಿದೆ. ಆಗ ದಿನಾ ಒಯ್ಯುತ್ತಿದ್ದ ಬಟ್ಟೆ ಚೀಲ ಸಿಕ್ಕಿತು. ಅದರಲ್ಲೇ ಈಗ ಹುಟ್ಟಲಿರುವ ಮಗುವಿಗೆಂದು ಹಳೆಯ ಸೀರೆಗಳನ್ನು ತುಂಬಿಟ್ಟಿದ್ದೆ. ಚೀಲ ಹೊರಗೆ ಹೋಯಿತು. ಸೀರೆಗಳನ್ನು ಬೇರೆಯಾಗಿ ಎರಡು ಸಲ ಒಗೆದೆ, ಆದರೂ ಮನಸ್ಸು ಒಪ್ಪಲಿಲ್ಲ, ಅವನ್ನೂ ಬಿಟ್ಟೆ. ನಿಮ್ಮ ಮಗಳು ಈಗ ಹೇಗಿದ್ದಾಳೆ?

ಕುಲುಮೆ · ಬುಧವಾರ, ರಾತ್ರಿ 8:15

ಈಗ 5ಕ್ಕೆ ಬಂದಿದೆ. ಶಾಲೆಗೆ ಹೋಗ್ತಾಳೆ, ಚೆನ್ನಾಗಿ ಓಡ್ತಾಳೆ.

ಇಬ್ಬರ ಅಪ್ಪ · ಬುಧವಾರ, ರಾತ್ರಿ 9:00

ನಮ್ಮ ಮನೆಯಲ್ಲಿ ಆದದ್ದು ಬಣ್ಣದಿಂದ. ಹಳೆಯ ಮನೆ, ಕಿಟಕಿ ಚೌಕಟ್ಟಿಗೆ ಪದರ ಪದರವಾಗಿ ಬಣ್ಣ. ಹೊಸದು ಬಳಿಯುವ ಮುಂಚೆ ಹಳೆಯದನ್ನು ಮರಳು ಕಾಗದದಿಂದ ಒಣಗಿದ ಹಾಗೇ ಉಜ್ಜಿಸಿದೆವು, ಎರಡು ದಿನ. ನಾವೆಲ್ಲ ಅದೇ ಮನೆಯಲ್ಲಿ ಇದ್ದೆವು. ಚಿಕ್ಕವನಿಗೆ ಆಗ ಎರಡು ವರ್ಷ, ನೆಲದ ಮೇಲೇ ಅವನ ಲೋಕ. ಎರಡು ತಿಂಗಳಾದ ಮೇಲೆ ಹೊಟ್ಟೆನೋವು, ಹಟ, ಮಲಬದ್ಧತೆ. ಹಲ್ಲು ಬರುತ್ತಿದೆ ಎಂದರು, ಹುಳುವಿಗೆ ಔಷಧಿ ಕೊಟ್ಟರು. ಮೂರನೆಯ ವೈದ್ಯರು ಮನೆಗೆ ಬಣ್ಣ ಬಳಿಸಿದಿರಾ ಎಂದು ಕೇಳಿದರು. ರಕ್ತದಲ್ಲಿ 18.

ಮಕ್ಕಳು ನುಂಗಿದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತಾರೆ ಎಂದು ಅವರೇ ಹೇಳಿದ್ದು. ಚಕ್ಕೆ ತಿನ್ನಬೇಕೆಂದಿಲ್ಲ, ನೆಲದ ಧೂಳು ಕೈಗೆ, ಕೈ ಬಾಯಿಗೆ, ಅಷ್ಟು ಸಾಕಂತೆ. ಅಂದಿನಿಂದ ಒಣ ಪೊರಕೆ ಹಿಡಿಯಲಿಲ್ಲ, ಒದ್ದೆ ಬಟ್ಟೆಯಲ್ಲೇ ನೆಲ, ಕಿಟಕಿ, ಆಟಿಕೆ ಒರೆಸಿದೆವು. ಒಂದೂವರೆ ವರ್ಷದಲ್ಲಿ 7ಕ್ಕೆ ಇಳಿಯಿತು. ಆ ಎರಡು ದಿನ ಅವನನ್ನು ಬೇರೆಲ್ಲಾದರೂ ಕಳಿಸಿದ್ದರೆ ಎಂದು ಈಗಲೂ ರಾತ್ರಿ ಎಚ್ಚರವಾಗುತ್ತದೆ.

ಆವರ್ತಕ ಕೋಷ್ಟಕ · ಬುಧವಾರ, ರಾತ್ರಿ 10:10

ಸರ್, ಅದನ್ನು ನಿಮಗೆ ಹೇಳಬೇಕಾದವರು ಹೇಳಲಿಲ್ಲ. ಬಣ್ಣದ ವಿಷಯ ಹೊಸದಲ್ಲ. 1904ರಲ್ಲೇ ಆಸ್ಟ್ರೇಲಿಯಾದ ಬ್ರಿಸ್ಬೇನಿನ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್, ಮಕ್ಕಳಿಗೆ ಸೀಸ ಸೇರುತ್ತಿರುವುದು ಜಗುಲಿಯ ಕಟಕಟೆಗೂ ಗೋಡೆಗೂ ಬಳಿದ ಬಣ್ಣದ ಹುಡಿಯಿಂದ ಎಂದು ಬರೆದರು.

ಪೆಟ್ರೋಲಿನದ್ದು ಇನ್ನೂ ನೋವಿನ ಕಥೆ. 1921ರಲ್ಲಿ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿದರೆ ಎಂಜಿನ್ ಬಡಿಯುವುದು ನಿಲ್ಲುತ್ತದೆ ಎಂದು ಕಂಡುಕೊಂಡರು. 1924ರ ಅಕ್ಟೋಬರಿನಲ್ಲಿ ಅದನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ಘಟಕದಲ್ಲಿ ಕಾರ್ಮಿಕರಿಗೆ ಭ್ರಮೆ ಹಿಡಿಯಿತು, ಐವರು ಸತ್ತರು. 1925ರಲ್ಲಿ ಸರ್ಕಾರ ಕರೆದ ಸಭೆಯಲ್ಲಿ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಎದ್ದು ನಿಂತು ವಿರೋಧಿಸಿದರು. ಅವರು ಸೀಸದ ಕೆಲಸಗಾರರ ನಡುವೆ ಓಡಾಡಿ ಅಧ್ಯಯನ ಮಾಡಿದವರು, ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕಿ. ಮಾರಾಟ ಮುಂದುವರಿಯಿತು. ಅಪಾಯ ಸಾಬೀತಾಗಿಲ್ಲ ಎಂಬ ವಾದ ಹತ್ತಾರು ವರ್ಷ ಗೆದ್ದಿತು.

ಅದನ್ನು ಮುರಿದವರು ಭೂಮಿಯ ವಯಸ್ಸು ಅಳೆಯಹೊರಟ ಕ್ಲೇರ್ ಪ್ಯಾಟರ್ಸನ್. ಕಲ್ಲಿನಲ್ಲಿರುವ ಸೀಸ ಅಳೆಯಲು ಹೋದರೆ ಎಲ್ಲಿಂದಲೋ ಬೇರೆ ಸೀಸ ಬಂದು ಸೇರುತ್ತಿತ್ತು. ಗಾಳಿಯಿಂದ, ಪಾತ್ರೆಯಿಂದ, ಕೂದಲಿನಿಂದ. ಪ್ರಯೋಗಾಲಯವನ್ನು ಉಜ್ಜಿ ಉಜ್ಜಿ ಶುಚಿ ಮಾಡಿ 1956ರಲ್ಲಿ ಭೂಮಿಗೆ ಸುಮಾರು 455 ಕೋಟಿ ವರ್ಷ ಎಂದು ಪ್ರಕಟಿಸಿದರು. ಆಮೇಲೆ ಆ ಕೊಳೆ ಎಲ್ಲಿಂದ ಬಂತೆಂದು ಬೆನ್ನು ಹತ್ತಿದರು. ‘ಸಾಮಾನ್ಯ’ ಎಂದು ಕರೆಯುತ್ತಿದ್ದ ಮಟ್ಟ ಸಹಜ ಮಟ್ಟ ಅಲ್ಲವೇ ಅಲ್ಲ, ಎಲ್ಲರೂ ಮಲಿನರಾಗಿದ್ದರಿಂದ ಸಾಮಾನ್ಯವಾಗಿ ಕಂಡದ್ದು ಎಂದು 1965ರಲ್ಲಿ ಬರೆದರು. ನಸುಕು ಅವರ ವರದಿಯ ಹಾಳೆಯಲ್ಲಿ ಆ ಪದ ನೋಡಿದಾಗ ನನಗೆ ನೆನಪಾದದ್ದು ಇದು.

ನಿಲ್ಲಿಸಿದರೆ ಇಳಿಯುತ್ತದೆ ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದಲ್ಲಿ ಸೀಸದ ಪೆಟ್ರೋಲು ಕಡಿಮೆಯಾಗುತ್ತ ಬಂದ 1976ರಿಂದ 1980ರ ನಡುವೆ ಜನರ ರಕ್ತದ ಸರಾಸರಿ ಸೀಸ 14.6ರಿಂದ 9.2ಕ್ಕೆ ಬಂತು. ಜಗತ್ತಿನಲ್ಲಿ ಕಾರುಗಳಿಗೆ ಅದನ್ನು ಮಾರುವುದು ಕೊನೆಗೆ ನಿಂತದ್ದು 2021ರ ಜುಲೈಯಲ್ಲಿ, ಆಲ್ಜೀರಿಯಾದಲ್ಲಿ. ಕಂಡುಹಿಡಿದು ಸರಿಯಾಗಿ ನೂರು ವರ್ಷಕ್ಕೆ.

ಹಸಿರೆಲೆ · ಗುರುವಾರ, ಬೆಳಗ್ಗೆ 7:45

ಅಕ್ಕಾ, ದೇಹದಿಂದ ಲೋಹ ಎಳೆದು ತೆಗೆಯುವ ಕೀಲೇಷನ್ ಚಿಕಿತ್ಸೆ ಇದೆಯಂತೆ. ಡ್ರಿಪ್ ಹಾಕುತ್ತಾರೆ, ಪುಡಿಗಳೂ ಸಿಗುತ್ತವೆ. ಒಮ್ಮೆ ಶುದ್ಧಿ ಮಾಡಿಸಿಕೊಂಡುಬಿಟ್ಟರೆ ಆಗದೇ?

ನಾಡಿ · ಗುರುವಾರ, ಬೆಳಗ್ಗೆ 8:00

ದಯವಿಟ್ಟು ಬೇಡ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ, ಆದರೂ ಇಲ್ಲಿ ಗಟ್ಟಿಯಾಗಿ ಹೇಳಲೇಬೇಕು.

ಕೀಲೇಷನ್ ನಿಜವಾದ ಚಿಕಿತ್ಸೆ, ರಕ್ತದಲ್ಲಿ ಸೀಸ ಸುಮಾರು 45 ಮುಟ್ಟಿದಾಗ, ಆಸ್ಪತ್ರೆಯಲ್ಲಿ, ಕಣ್ಣಿಟ್ಟು ನೋಡಿಕೊಳ್ಳುತ್ತ ಕೊಡುವಂಥದ್ದು. ಔಷಧಿಗೆ ಸೀಸವೊಂದೇ ಗುರಿ ಅಲ್ಲ, ಬೇಕಾದ ಖನಿಜಗಳನ್ನೂ ಎಳೆಯುತ್ತದೆ. 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಮಗುವಿಗೆ ತಪ್ಪು ಬಗೆಯ ಔಷಧಿ ಹೋಗಿ, ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯ ನಿಂತುಹೋಯಿತು. ಆ ಮಗುವಿಗೆ ಕೀಲೇಷನ್ ಮಾಡಿಸಿದ್ದು ಸೀಸದ ವಿಷಕ್ಕಲ್ಲ, ಆಟಿಸಂ ವಾಸಿಯಾಗಲಿ ಎಂದು. 11ರ ಮಟ್ಟದ ಗರ್ಭಿಣಿಗೆ ಇದರಿಂದ ಲಾಭವಿಲ್ಲ, ಅಪಾಯವಿದೆ. ಮೂಳೆಯಲ್ಲಿರುವುದು ಡ್ರಿಪ್ಪಿಗೆ ಪೂರ್ತಿ ಬರುವುದೂ ಇಲ್ಲ, ರಕ್ತದ ಸೀಸ ಖಾಲಿಯಾದಷ್ಟೂ ಮೂಳೆ ಅದನ್ನು ಮತ್ತೆ ರಕ್ತಕ್ಕೆ ತುಂಬುತ್ತದೆ.

ಹಸಿರೆಲೆ · ಗುರುವಾರ, ಬೆಳಗ್ಗೆ 8:20

ಗೊತ್ತಿರಲಿಲ್ಲ ಮೇಡಂ. ನನ್ನ ಮಾತು ಹಿಂದಕ್ಕೆ ತೆಗೆದುಕೊಂಡೆ. ಅಕ್ಕಾ, ಕ್ಷಮಿಸಿ.

ಮೂಡುಗಾಳಿ · ಗುರುವಾರ, ಸಂಜೆ 6:30

ಓದುತ್ತ ಒಂದು ಪ್ರಶ್ನೆ ಬಂತು. ನನಗೆ ಆಸ್ತಮಾ. ಹೊಗೆಯಲ್ಲಿರುವ ಸೂಕ್ಷ್ಮ ಕಣಗಳೂ ಹೀಗೇ ದೇಹದಲ್ಲಿ ಕೂಡಿಕೊಂಡು ಕೂರುತ್ತವೆಯೇ?

ನಾಡಿ · ಗುರುವಾರ, ರಾತ್ರಿ 9:40

ಅದರ ನಡೆ ಬೇರೆ. ಪಿಎಂ 2.5 ಎಂದು ಕರೆಯುವ ಈ ಸೂಕ್ಷ್ಮ ಕಣಗಳು ಕೂದಲೆಳೆಯ ಸುಮಾರು ಇಪ್ಪತ್ತೈದನೇ ಒಂದು ಪಾಲಿನಷ್ಟು, ಶ್ವಾಸಕೋಶದ ಆಳಕ್ಕೆ ಇಳಿದು ಉರಿಯೂತ ಎಬ್ಬಿಸುತ್ತವೆ. ಹೃದಯಕ್ಕೂ ಅದರ ಪೆಟ್ಟಿದೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವು ವರ್ಷದ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು, ಅದಕ್ಕೂ ಮುಂಚೆ 10 ಇತ್ತು. ಇಲ್ಲೂ ಗೆರೆ ಇಳಿದಿದೆ ನೋಡಿ.

ಆದರೆ ಹೊಗೆ ನಿಂತರೆ ಫಲ ಬೇಗ ಕಾಣುತ್ತದೆ. ಅಮೆರಿಕದ ಯೂಟಾ ಕಣಿವೆಯ ಉಕ್ಕಿನ ಗಿರಣಿಯೊಂದು ಕಾರ್ಮಿಕ ವಿವಾದದಿಂದ 1986–87ರಲ್ಲಿ ಹದಿಮೂರು ತಿಂಗಳು ಮುಚ್ಚಿತ್ತು. ಗಿರಣಿ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಬ್ರಾಂಕೈಟಿಸ್, ಆಸ್ತಮಾಗಳಿಂದ ಆಸ್ಪತ್ರೆ ಸೇರಿದ ಮಕ್ಕಳು, ಮುಚ್ಚಿದ್ದ ಚಳಿಗಾಲಕ್ಕಿಂತ ಎರಡು ಮೂರು ಪಟ್ಟು ಹೆಚ್ಚು. ಸೀಸದ ಹುಡಿ ಮಾತ್ರ ಕಾರ್ಖಾನೆ ಮುಚ್ಚಿದ ಮೇಲೂ ಮಣ್ಣಲ್ಲಿ, ಮೂಳೆಯಲ್ಲಿ ಇರುತ್ತದೆ. ನಿಮ್ಮ ಆಸ್ತಮಾಕ್ಕೆ ಬೇರೆ ಎಳೆ ತೆರೆಯಿರಿ, ವಿವರವಾಗಿ ಮಾತಾಡೋಣ.

ತಕ್ಕಡಿ · ಶುಕ್ರವಾರ, ಮಧ್ಯಾಹ್ನ 2:10

ಮೂರು ದಿನದಿಂದ ಇದನ್ನೇ ಓದುತ್ತಿದ್ದೇನೆ. ಮಾಸು ಮಗುವನ್ನು ಕಾಯುತ್ತದೆ ಎಂದೇ ನಾನೂ ನಂಬಿದ್ದವನು. ಮಿನಮಾಟದ ಬಗ್ಗೆ ಓದಿದ ಮೇಲೆ ಆ ನಂಬಿಕೆ ಹೋಯಿತು. ಜಪಾನಿನ ಆ ಊರಿನಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ 1968ರ ತನಕ ಪಾದರಸ ಕಲೆತ ನೀರನ್ನು ಸಮುದ್ರಕ್ಕೆ ಬಿಟ್ಟಿತು. ಕಾಯಿಲೆಯನ್ನು ಅಧಿಕೃತವಾಗಿ ಗುರುತಿಸಿದ್ದು 1956ರ ಮೇ 1ರಂದು. ಆ ಸಮುದ್ರದ ಮೀನು ತಿಂದ ತಾಯಂದಿರಿಗೆ ಲಕ್ಷಣ ಅಷ್ಟಕ್ಕಷ್ಟೇ, ಅವರ ಹೊಟ್ಟೆಯಲ್ಲಿದ್ದ ಮಕ್ಕಳು ಮಾತ್ರ ಮಿದುಳಿಗೆ ಹಾನಿಯಾಗಿ ಹುಟ್ಟಿದರು. ವಿಷ ಮಾಸನ್ನು ದಾಟದು ಎಂಬುದು ಆಗಿನ ಪಾಠ, ಹಾಗಾಗಿ ಮೊದಲಿಗೆ ಇದನ್ನು ಬೇರೆ ಕಾಯಿಲೆ ಎಂದರು. ಹರಾದಾ ಮಸಾಜುಮಿ ಎಂಬ ವೈದ್ಯರು ಮನೆಮನೆ ಸುತ್ತಿ ಆ ತಾಯಂದಿರ ಮಾತು ಕೇಳಿದರು. ಮಗುವಿನ ಒಣಗಿದ ಹೊಕ್ಕುಳಬಳ್ಳಿಯನ್ನು ಪೆಟ್ಟಿಗೆಯಲ್ಲಿ ಎತ್ತಿಡುವುದು ಅಲ್ಲಿನ ರೂಢಿ. ಅವುಗಳನ್ನು ಸಂಗ್ರಹಿಸಿ ಪರೀಕ್ಷಿಸಿದಾಗ ಮೀಥೈಲ್ ಪಾದರಸ ಸಿಕ್ಕಿತು.

ನಸುಕು ಅವರೇ, ನಿಮ್ಮ ವಿಷಯ ಅದರಷ್ಟು ಘೋರವಲ್ಲ, ಹೆದರಿಸಲು ಬರೆದದ್ದಲ್ಲ. ಮೊದಲ ದಿನ ‘ಅಷ್ಟೇನಲ್ಲ’ ಎಂದವನು ನಾನೇ ಆದ್ದರಿಂದ, ಯಾಕೆ ಮನಸ್ಸು ಬದಲಿಸಿದೆ ಎಂದು ಹೇಳುವುದು ನನ್ನ ಕರ್ತವ್ಯ ಅನ್ನಿಸಿತು.

ನಸುಕು · ಶುಕ್ರವಾರ, ರಾತ್ರಿ 9:50

ಹೆದರಿಕೆ ಆಗಲಿಲ್ಲ ಸರ್. ಆ ತಾಯಂದಿರ ಮಾತನ್ನು ಕೊನೆಗಾದರೂ ಒಬ್ಬರು ಕೂತು ಕೇಳಿದರಲ್ಲ ಎಂದು ಅಳು ಬಂತು. ಬೇರೆ ವೈದ್ಯರನ್ನು ಕಂಡೆ. ಮಾರ್ಗಸೂಚಿ ತೋರಿಸಿದೆ, ಪೂರ್ತಿ ಓದಿದರು. ಕ್ಯಾಲ್ಸಿಯಂ ಶುರು ಮಾಡಿದ್ದಾರೆ, ಕಬ್ಬಿಣದ ಅಂಶ ಕಡಿಮೆ ಇತ್ತು, ಅದಕ್ಕೂ ಮಾತ್ರೆ.

ನಸುಕು · ನಾಲ್ಕು ತಿಂಗಳ ನಂತರ

ಏಳನೇ ತಿಂಗಳ ಪರೀಕ್ಷೆಯಲ್ಲಿ 13 ಬಂದಿದೆ. ಕ್ಯಾಲ್ಸಿಯಂ ಒಂದು ದಿನವೂ ಬಿಟ್ಟಿಲ್ಲ. ಆದರೂ ಏರಿದೆ. ನಾನು ಏನು ತಪ್ಪು ಮಾಡಿದೆ?

ನಾಡಿ · ಅದೇ ದಿನ

ಏನೂ ತಪ್ಪು ಮಾಡಿಲ್ಲ. ಮಗುವಿನ ಮೂಳೆ ವೇಗವಾಗಿ ಕಟ್ಟುವುದು ಈ ಕೊನೆಯ ತಿಂಗಳುಗಳಲ್ಲೇ, ಆಗ ತಾಯಿಯ ಮೂಳೆ ಹೆಚ್ಚು ಕೊಡುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಇನ್ನೂ ಏರುವ ಸಂಭವವಿತ್ತು. ರಕ್ತದೊತ್ತಡ ಎಷ್ಟಿದೆ ಹೇಳಿ.

ನಸುಕು · ಅದೇ ದಿನ

118/76.

ನಾಡಿ · ಅದೇ ದಿನ

ಚೆನ್ನಾಗಿದೆ. ಮಾತ್ರೆ ಮುಂದುವರಿಸಿ. ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತದಲ್ಲೂ ಸೀಸ ಅಳೆಯಲು ಮೊದಲೇ ಹೇಳಿಡಿ. ಆ ಗಡಿಬಿಡಿಯಲ್ಲಿ ಮರೆಯುತ್ತಾರೆ.

ನಸುಕು · ಮತ್ತೆ ಮೂರು ತಿಂಗಳಿಗೆ

ಹೆಣ್ಣು ಮಗು. ಎರಡು ಕಿಲೋ ಒಂಬೈನೂರು ಗ್ರಾಂ. ಹೆರಿಗೆ ದಿನ ನನ್ನ ರಕ್ತದಲ್ಲಿ 12, ಹೊಕ್ಕುಳಬಳ್ಳಿಯಲ್ಲಿ 9. ಹಾಲೂಡಿಸಬಹುದೇ ಎಂದು ಹೆದರುತ್ತಲೇ ಕೇಳಿದೆ. ತಾಯಿಯ ರಕ್ತದಲ್ಲಿ 40 ದಾಟಿದರಷ್ಟೇ ನಿಲ್ಲಿಸುವ ಮಾತು, ನೀವು ಊಡಿಸಿ ಎಂದರು. ಮಗುವಿನ ರಕ್ತವನ್ನು ತಿಂಗಳಾದ ಮೇಲೆ ಮತ್ತೆ ನೋಡುತ್ತಾರೆ. 9 ಎಂಬ ಅಂಕೆ ನೋಡಿದಾಗ ಎದೆ ಭಾರವಾಯಿತು. ಆ ನಲ್ಲಿಯ ಮುಂದೆ ಸಾಲು ನಿಂತಿದ್ದ ದಿನ ಇವಳು ನನ್ನ ಕನಸಲ್ಲೂ ಇರಲಿಲ್ಲ.

ಇನ್ನೊಂದು ವಿಷಯ. ನನ್ನ ಜೊತೆ ಪ್ಲೇಟ್ ಜೋಡಿಸುತ್ತಿದ್ದ ನಾಲ್ವರು ಹೆಂಗಸರ ನಂಬರ್ ಹುಡುಕಿದೆ. ಮೂವರು ಸಿಕ್ಕರು. ಇಬ್ಬರು ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ಒಬ್ಬಳಿಗೆ 8. ಇನ್ನೊಬ್ಬಳಿಗೆ 34, ಅವಳಿಗೂ ಮಗು ಬೇಕೆಂದಿದೆ.

ನಾಡಿ · ಅದೇ ದಿನ

ತಾಯಿಗೂ ಮಗಳಿಗೂ ಒಳ್ಳೆಯದಾಗಲಿ. 34 ಎಂದರೆ ಹಳೆಯದಷ್ಟೇ ಇರಲಾರದು, ಎಲ್ಲಿಂದಲೋ ಹೊಸದಾಗಿ ಸೇರುತ್ತಿದೆ. ಅವರು ಈಗ ಏನು ಕೆಲಸ ಮಾಡುತ್ತಾರೆ?

ನಸುಕು · ಅದೇ ದಿನ

ಅಲ್ಲೇ ಇದ್ದಾಳೆ ಮೇಡಂ, ಅದೇ ಮೇಜು.

ಕುಲುಮೆ · ಅದೇ ದಿನ, ರಾತ್ರಿ

ತಂಗೀ, ಅವಳ ನಂಬರ್ ಇಲ್ಲಿ ಹಾಕಬೇಡ, ನನಗೆ ಬೇರೆಯಾಗಿ ಕಳಿಸು. ನಾಳೆ ನನಗೆ ರಜೆ. ನಾವು ಸ್ನಾನದ ಕೋಣೆ ಹೇಗೆ ತರಿಸಿಕೊಂಡ್ವಿ ಅಂತ ಅವಳಿಗೆ ಮೊದಲಿಂದ ಹೇಳ್ತೀನಿ. ಅಲ್ಲೀವರೆಗೆ ಮನೆಗೆ ಹೋಗೋ ಮುಂಚೆ ಬಟ್ಟೆ ಬದಲಾಯಿಸೋಕೆ ಹೇಳು.